ಸೊಸೆ ಬೇಡವೆಂದ ದೋಣಿ

ಹಳೆಯ ಹಾಯಿದೋಣಿ ಕೊಳ್ಳಲು ಬಂದ ಬೇಕರಿಯಾಕೆ, ಪರೀಕ್ಷೆ ಮಾಡಿಸಲೆಂದು ಜೊತೆಗೆ ಕರೆತಂದದ್ದು ಮಾರುವವರ ಸ್ವಂತ ಸೊಸೆಯನ್ನೇ! ದೋಣಿಗೆ ಒರಗಿಸಿದ್ದ ಏಣಿಯ ಬುಡದಲ್ಲಿ ನಿಂತಿದ್ದ ಮಾವನಿಗೆ ಒಂದು ಕ್ಷಣ ಏನೂ ತೋಚಲಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟು, "ಕೆಲಸ ಇದೆ, ಬರ್ತೀನಿ ಮಾವ" ಎಂದು ಮನೆಯಿಂದ ಹೊರಟಿದ್ದವಳು ಈಗ ಹೆಗಲಿಗೆ ಉಪಕರಣದ ಚೀಲ ಹಾಕಿಕೊಂಡು ಎದುರಿಗೆ ನಿಂತಿದ್ದಳು. ಅವಳ ಮುಖದಲ್ಲೂ ಅಷ್ಟೇ ಗಾಬರಿ.

"ಮೇಡಂ, ಇವರು ನನ್ನ ಮಾವ. ನೀವು ದೋಣಿ ಯಾರದು ಅಂತ ಹೇಳಿರಲಿಲ್ಲ," ಎಂದಳು ಸೊಸೆ ಬೇಕರಿಯಾಕೆಗೆ. "ನಾನು ನೋಡೋದು ಸರಿಯಾಗಲ್ಲ. ಬೇರೆಯವರನ್ನ ಕರೆಸಿ."

"ಬೇರೆಯವರು ಯಾಕೆ?" ಮಾವ ಎದೆಯುಬ್ಬಿಸಿ ಮುಂದೆ ಬಂದರು. "ಯಾರು ಬೇಕಾದ್ರೂ ನೋಡ್ಲಿ. ಒಂದು ಕೂದಲೆಳೆಯಷ್ಟು ಕೊರತೆ ತೋರಿಸ್ಲಿ ನೋಡೋಣ!" ಬಸ್ ಓಡಿಸಿ ನಿವೃತ್ತರಾದ ಮನುಷ್ಯ. ರಜೆ ಸಿಕ್ಕಾಗಲೆಲ್ಲ ಈ ದೋಣಿಯಲ್ಲೇ ಇರುತ್ತಿದ್ದವರು. ಈಗ ಮಂಡಿ ಕೇಳುತ್ತಿಲ್ಲವೆಂದು ಮಾರಲು ಮನಸ್ಸು ಮಾಡಿದ್ದರು. ಕೊಡುವ ಮುನ್ನ ಹೆಣ್ಣಿಗೆ ಅಲಂಕಾರ ಮಾಡಿದಂತೆ ಒಳಗೂ ಹೊರಗೂ ಬಣ್ಣ ಹೊಡೆದಿದ್ದರು.

ಬೇಕರಿಯಾಕೆ ಇಬ್ಬರನ್ನೂ ನೋಡಿದಳು. "ಮುಚ್ಚಿಡದೆ ಹೇಳಿದ್ರಲ್ಲ, ನೀವೇ ನೋಡಿ ಮೇಡಂ. ಆದ್ರೆ ಇದ್ರಲ್ಲಿ ನನ್ನ ಮಕ್ಕಳನ್ನ ಕೂರಿಸಿಕೊಂಡು ಹೋಗೋಳು ನಾನು. ಅದೊಂದು ನೆನಪಲ್ಲಿರಲಿ."

ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ದೋಣಿ ತಟ್ತಾಳೆ, ಅದಕ್ಕೂ ಸಂಬಳ ಕೊಡ್ತಾರೆ!" ಎಂದು ನಗುವುದು ಮಾವನ ರೂಢಿ. ಅವಳ ಕೆಲಸವನ್ನು ಅವರು ಕಣ್ಣಾರೆ ಕಂಡದ್ದು ಇವತ್ತೇ. ನೀರಿನಿಂದ ಎತ್ತಿ ಆಸರೆಯ ಮೇಲೆ ನಿಲ್ಲಿಸಿದ್ದ ದೋಣಿಯ ಸುತ್ತ ಅವಳು ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ಕಿವಿಗೊಟ್ಟು ಕೇಳುತ್ತಾ ಹೋದಳು. ಗಟ್ಟಿಯಾದ ಕಡೆ ಟಣ್ಣೆನ್ನುವ ದನಿಯನ್ನು ಅವರೂ ಕೇಳಿಸಿಕೊಂಡರು. ಮೂವರೂ ಏಣಿ ಹತ್ತಿದ ಮೇಲೆ ಹಾಯಿಯನ್ನು ಬಿಡಿಸಿ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದಳು. ಒಳಗೆ ನೆಲದ ಹಲಗೆ ಎತ್ತಿ, ಹೊಟ್ಟೆಯ ಮೇಲೆ ಮಲಗಿ, ದೋಣಿ ಮಗುಚದಂತೆ ಅಡಿಗೆ ಕಟ್ಟಿದ ಭಾರವನ್ನು ಹಿಡಿದ ಬೋಲ್ಟುಗಳನ್ನು ಒರೆಸಿ ಟಾರ್ಚ್ ಬಿಟ್ಟಳು. "ಇದು ಚೆನ್ನಾಗಿದೆ," ಎನ್ನುತ್ತಿದ್ದಳು ಪ್ರತಿ ಸಲ. ಮಾವ ಬೇಕರಿಯಾಕೆಯತ್ತ ತಿರುಗಿ, ಹೇಗೆ ಎಂಬಂತೆ ಹುಬ್ಬು ಕುಣಿಸುತ್ತಿದ್ದರು.

ಆಮೇಲೆ ಅವಳು ಅಲ್ಲೇ ಪಕ್ಕದಲ್ಲಿದ್ದ ಕಪಾಟಿನ ಹಿಂಬದಿಯ ಹಲಗೆ ಬಿಚ್ಚಿದಳು. ಸ್ಕ್ರೂಡ್ರೈವರ್ ತುದಿಯನ್ನು ಅಲ್ಲಿದ್ದ ಮರಕ್ಕೆ ಒತ್ತಿದಳು. ಅದು ಹಿಡಿಯವರೆಗೂ ಇಳಿಯಿತು.

ಅವಳು ತಿರುಗಿ ಮಾವನನ್ನು ನೋಡಿದಳು. ಮಾತಾಡಿದ್ದು ಮಾತ್ರ ಬೇಕರಿಯಾಕೆಯ ಹತ್ತಿರ. "ಹಾಯಿಕಂಬವನ್ನ ತಂತಿ ಹಿಡಿದಿರುತ್ತೆ. ಆ ತಂತಿ ಈ ಉಕ್ಕಿನ ಪಟ್ಟಿಗೆ ಕಟ್ಟಿದೆ. ಪಟ್ಟಿ ಈ ಮರಕ್ಕೆ. ಮರ ಕೊಳೆತುಹೋಗಿದೆ. ಜೋರು ಗಾಳಿ ಬೀಸಿದ್ರೆ ಪಟ್ಟಿ ಕಿತ್ಕೊಂಡು ಬಂದು ಕಂಬ ಉರುಳುತ್ತೆ. ರಿಪೇರಿ ಆಗೋವರೆಗೂ ಬೇಡ ಮೇಡಂ."

"ಏನು ಮಾತು ಅಂತ ಆಡ್ತೀಯಮ್ಮ?" ಮಾವನ ದನಿ ಏರಿತು. "ಮೊನ್ನೆ ತಾನೆ ವಾರ್ನಿಶ್ ಹೊಡೆದಿದೀನಿ!"

"ವಾರ್ನಿಶ್ ಮುಂದಿದೆ ಮಾವ. ನೀರು ಹಿಂದಿನಿಂದ ಬಂದಿದೆ."

ಮಾವ ಅವಳ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ತಾವೇ ಚುಚ್ಚಿದರು. ಪಕ್ಕದಲ್ಲಿ ಚುಚ್ಚಿದರು. ಅಲ್ಲೂ ಇಳಿಯಿತು. ಕಪ್ಪು ಪುಡಿ ಅಂಗೈಗೆ ಉದುರಿತು. "ನಮ್ಮ ಕೇಕೇ ಇದಕ್ಕಿಂತ ಗಟ್ಟಿ ಇರುತ್ತೆ," ಎಂದು ಬಾಯಿತಪ್ಪಿ ಅಂದ ಬೇಕರಿಯಾಕೆ ನಾಲಿಗೆ ಕಚ್ಚಿಕೊಂಡಳು. ಮಾವನಿಗೆ ಅದು ಕೇಳಿಸಿದಂತಿರಲಿಲ್ಲ. ಅಂಗೈಯನ್ನೇ ನೋಡುತ್ತಾ ನಿಂತಿದ್ದರು.

"ಹೋದ ಬೇಸಿಗೇಲಿ ಆ ಗಾಳಿ ಬಂತಲ್ಲ," ಎಂದರು ಕೊನೆಗೆ, ಯಾರಿಗೂ ಅಲ್ಲವೆಂಬಂತೆ. "ನಿನ್ನ ಗಂಡ ಈ ಕಂಬದ ಬುಡದಲ್ಲೇ ಕೂತಿದ್ದ."

ಹೊರಡುವ ಮುನ್ನ ಬೇಕರಿಯಾಕೆ ಸೊಸೆಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, "ಮರ ಬದಲಾಯಿಸಿದ ಮೇಲೆ ನೀವು ಸರಿ ಅಂದ್ರೆ ಸಾಕು, ಬಂದು ತಗೊಂಡು ಹೋಗ್ತೀನಿ," ಎಂದು ಏಣಿ ಇಳಿದಳು.

"ಬೇಜಾರಾಯ್ತಾ ಮಾವ?" ಸೊಸೆ ಉಪಕರಣಗಳನ್ನು ಚೀಲಕ್ಕೆ ತುಂಬುತ್ತಾ ಕೇಳಿದಳು. ಅವಳು ಚೀಲದ ಬಾಯಿ ಕಟ್ಟುವುದನ್ನೇ ಕಾದಿದ್ದು, ಮಾವ ಅದನ್ನು ತಮ್ಮ ಹೆಗಲಿಗೇರಿಸಿಕೊಂಡು, ನೋಯುವ ಮಂಡಿಯಲ್ಲೇ ಒಂದೊಂದು ಮೆಟ್ಟಿಲೂ ಇಳಿದರು.

ಪಕ್ಕದ ದೋಣಿಗೆ ಬಣ್ಣ ಬಳಿಯುತ್ತಿದ್ದ ಗೆಳೆಯ ಕುಂಚ ಹಿಡಿದೇ ಇಣುಕಿದ. "ಏನಣ್ಣ, ವ್ಯಾಪಾರ ಕುದುರ್ತಾ?"

"ಎಲ್ಲಿ ಕುದುರುತ್ತೆ? ಕೊಳ್ಳಬೇಡಿ ಅಂತ ನನ್ನ ಸೊಸೇನೇ ಅಂದ್ಲು!" ದೋಣಿಗಳನ್ನು ನಿಲ್ಲಿಸಿದ್ದ ಅಂಗಳದ ಆ ತುದಿಗೂ ಕೇಳುವಂತೆ ಹೇಳಿದರು ಮಾವ, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರಂತೆ. "ನನ್ನ ಎದುರಿಗೇ ಅಂದ್ಲು ಕಣೋ! ನಿಂದನ್ನೂ ಒಂದು ಸಲ ತೋರಿಸಿಬಿಡು. ತಡಿ, ಅವಳಿಗೆ ಪುರುಸೊತ್ತಿದ್ಯಾ ಕೇಳ್ತೀನಿ."