ಸೀಟಿನ ಕೆಂಪು ಗೆರೆ

ಆಶೀಲ್ ಕಾರಿನ ಕೀಲಿಯನ್ನು ಫಿರ್ಮಿನ್‌ನ ಬಿಯರ್ ಗ್ಲಾಸಿನ ಪಕ್ಕದಲ್ಲಿಟ್ಟು, "ಈ ಭಾನುವಾರ ನೀನು ಕಾರು ಓಡಿಸು" ಅಂದ.

ಫಿರ್ಮಿನ್ ಗ್ಲಾಸನ್ನು ಆಚೆ ಸರಿಸಿದನೇ ಹೊರತು ಕೀಲಿಯನ್ನು ಮುಟ್ಟಲಿಲ್ಲ. ಅವರ ಸೈಕಲ್ ಸಂಘದಲ್ಲಿ ಆ ಕೀಲಿಯ ಅರ್ಥ ಗೊತ್ತಿಲ್ಲದವರು ಯಾರು? ಬಿಡಿ ಚಕ್ರ, ರೇನ್‌ಕೋಟು, ಬಾಳೆಹಣ್ಣು ತುಂಬಿಕೊಂಡು ಸವಾರರ ಹಿಂದೆ ಮೆಲ್ಲಗೆ ಬರುವ ಆ ಕಾರನ್ನು ಒಮ್ಮೆ ಹತ್ತಿದವನು ಮತ್ತೆ ಸೈಕಲ್ ಹತ್ತಿದ್ದೇ ಇಲ್ಲ. ಹೋದ ವಾರ ಕೊಪ್ಪನ್‌ಬೆರ್ಖ್ ಗುಡ್ಡದ ಕಲ್ಲುಹಾಸಿನ ಏರಿನಲ್ಲಿ ಫಿರ್ಮಿನ್ ಅರ್ಧಕ್ಕೇ ಕಾಲು ಕೆಳಗಿಟ್ಟಿದ್ದ. ಮಂಡಿಯ ಹಿಂದೆ ಯಾರೋ ಸೂಜಿ ಚುಚ್ಚಿದ ಹಾಗೆ ನೋವು. ಇಡೀ ಸಂಘ ಪಕ್ಕದಲ್ಲೇ ಹಾದು ಮೇಲೆ ಹೋಗಿತ್ತು.

"ಚಕ್ರ ಜಾರಿತು ಕಣಯ್ಯ, ಅಷ್ಟೇ."

"ಚೆನ್ನಾಗಿ ಬಿಸಿಲಿತ್ತು, ಕಲ್ಲೆಲ್ಲ ಒಣಗಿತ್ತು. ಅದು ಹೆಂಗಪ್ಪ ಜಾರ್ತು?" ಅಂದ ಆಶೀಲ್. ಸಂಘದ ಅಧ್ಯಕ್ಷ, ಫಿರ್ಮಿನ್‌ನ ಓರಗೆಯವನು, ಊರಿಗೇ ಹೆಸರಾದ ಜುಗ್ಗ. ಹರೆಯದಲ್ಲಿ ಕೊಂಡ ದಪ್ಪ ಅಟ್ಟೆಯ ಚರ್ಮದ ಶೂಗಳನ್ನೇ ಇವತ್ತಿಗೂ ಹಾಕುತ್ತಾನೆ. ಲಾಡಿ ಹರಿದರೆ ಲಾಡಿ ಮಾತ್ರ ಹೊಸದು.

ಫಿರ್ಮಿನ್ ಕೊನೆಗೂ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದು, ಫ್ರೀಜರಿನ ಬಟಾಣಿ ಚೀಲವನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತ. ಮಗಳು ಹನ್ನೆ ಅದನ್ನು ಕಂಡಳು. ಸವಾರರ ಮೈ ಅಳತೆ ತೆಗೆದು, ಅದಕ್ಕೆ ತಕ್ಕಂತೆ ಸೈಕಲ್ ಹೊಂದಿಸಿಕೊಡುವುದೇ ಅವಳ ಕಸುಬು. ಹಿತ್ತಲಿನ ಹಳೆಯ ದನದ ಕೊಟ್ಟಿಗೆಯಲ್ಲೇ ಯಂತ್ರ, ಕ್ಯಾಮೆರಾ ಎಲ್ಲ ಇಟ್ಟುಕೊಂಡಿದ್ದಾಳೆ. ಘೆಂಟ್ ಪಟ್ಟಣದವರಿಂದ ಹಿಡಿದು ಗಡಿಯಾಚೆಯವರವರೆಗೂ ಎಲ್ಲರೂ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಬಾರದವನು ಅಪ್ಪ ಒಬ್ಬನೇ. "ನಿನಗೆ ಸೈಕಲ್ ಕಲಿಸಿದವನು ನಾನು. ನನಗೇ ಕೂರೋದು ಹೇಳ್ಕೊಡ್ತೀಯಾ?" ಅಂದು ಬಾಯಿ ಮುಚ್ಚಿಸಿದ್ದ.

ನಿಜವಾದ ಕಾರಣ ಸೀಟಿನ ಕೆಳಗಿನ ಕೊಳವೆಯ ಮೇಲಿತ್ತು. ಹರೆಯದಲ್ಲಿ ಊರಹಬ್ಬದ ಪಂದ್ಯ ಗೆದ್ದ ಸಂಜೆ, ಆಗಿನ್ನೂ ಮದುವೆಯಾಗದ ಗೊದೆಲೀವ ತನ್ನ ಉಗುರಿನ ಬಣ್ಣದಿಂದ ಅಲ್ಲೊಂದು ಕೆಂಪು ಗೆರೆ ಎಳೆದಿದ್ದಳು. ಸೀಟು ಇದೇ ಎತ್ತರದಲ್ಲಿರಲಿ, ಇದೇ ಗೆಲುವಿನ ಎತ್ತರ ಎಂದು. ಆಮೇಲೆ ಸೈಕಲ್ಲುಗಳು ಬದಲಾದವು, ಗೊದೆಲೀವ ಹೆಂಡತಿಯಾದಳು, ಗೆರೆ ಮಾತ್ರ ಹಳೆಯದರಿಂದ ಹೊಸದಕ್ಕೆ ಅಳೆದು ಅಳೆದು ದಾಟಿಕೊಂಡು ಬಂತು. ಅದನ್ನು ಇಳಿಸುವುದೆಂದರೆ ಫಿರ್ಮಿನ್‌ಗೆ ಮೂಗು ಕೊಯ್ದುಕೊಂಡಷ್ಟೇ ಅವಮಾನ.

ಆದರೆ ಜೇಬಿನಲ್ಲಿ ಆ ಕೀಲಿ ಚುಚ್ಚುತ್ತಿತ್ತು. ಶನಿವಾರ ಬೆಳಿಗ್ಗೆ ಹೆಂಡತಿ ಬೇಕರಿಗೆ ಹೋದದ್ದೇ ತಡ, ಚಕ್ರದ ಸದ್ದು ಯಾರಿಗೂ ಕೇಳದಿರಲೆಂದು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಕೊಟ್ಟಿಗೆಯ ಹಿಂಬಾಗಿಲಿನಿಂದ ಒಳಗೆ ನುಸುಳಿದ.

ಹನ್ನೆ ನಗಲಿಲ್ಲ. ಅಪ್ಪನ ಸೊಂಟ, ಮಂಡಿ, ಹರಡುಗಳಿಗೆ ಬಿಳಿ ಬೊಟ್ಟು ಅಂಟಿಸಿ, ಸೈಕಲ್ಲನ್ನು ಯಂತ್ರಕ್ಕೆ ಸಿಕ್ಕಿಸಿ, "ತುಳಿ" ಅಂದಳು. ಆಮೇಲೆ ಹಿಂದಿನಿಂದ ತೆಗೆದ ವೀಡಿಯೊವನ್ನು ತೋರಿಸಿದಳು.

"ಇದ್ಯಾರೇ, ಬಾತುಕೋಳಿ ಥರ?"

"ನೀನೇ. ಪೆಡಲ್ ಕೆಳಗೆ ಹೋದಾಗೆಲ್ಲ ನಿನ್ನ ಕಾಲಿಗೆ ಎಟುಕ್ತಿಲ್ಲ, ಅದಕ್ಕೇ ಸೊಂಟ ಆಚೀಚೆ ವಾಲ್ತಿದೆ. ಆ ಎಳೆತ ಎಲ್ಲಾ ಮಂಡಿಗೇ ಹೋಗಿ ಬಡೀತಿದೆ."

ಅವಳು ತಿರುಪು ಸಡಿಲಿಸಿ ಸೀಟು ಇಳಿಸಿದಳು. ತುಳಿಸಿ ನೋಡಿ ಇನ್ನಷ್ಟು ಇಳಿಸಿದಳು. ಹ್ಯಾಂಡಲ್ಲನ್ನೂ ಹತ್ತಿರಕ್ಕೆ ತಂದಳು. ಕೆಂಪು ಗೆರೆ ಮೆಲ್ಲಗೆ ಚೌಕಟ್ಟಿನೊಳಗೆ ಇಳಿದು ಕಣ್ಮರೆಯಾಯಿತು. ಫಿರ್ಮಿನ್ ಅದಿದ್ದ ಜಾಗವನ್ನು ಬೆರಳಿನಿಂದ ಸವರಿದ.

"ವಯಸ್ಸಾಯ್ತು ಅಂತ ಹೇಳಿಬಿಡು. ಪರವಾಗಿಲ್ಲ."

ಹನ್ನೆ ಅಪ್ಪನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ ಅವನ ಶೂ ಬೆರಳಿನಿಂದ ತಟ್ಟಿದಳು. "ವಯಸ್ಸಲ್ಲಪ್ಪ, ಶೂ. ಆ ಗೆರೆ ಎಳೆದಾಗ ನೀನು ದಪ್ಪ ಅಟ್ಟೆ ಶೂ ಹಾಕ್ತಿದ್ದೆ ತಾನೇ? ಈಗಿಂದು ಬಿಸ್ಕತ್ತಿನಷ್ಟು ತೆಳು. ಅಟ್ಟೆ ತೆಳುವಾದ್ರೆ ಸೀಟೂ ಇಳೀಬೇಕು. ತಪ್ಪೆಲ್ಲ ಶೂದು."

"ನಾನೂ ಅದನ್ನೇ ಹೇಳ್ತಿದ್ದೆನಲ್ಲ!" ಅಂದ, ಹಿಂದೆಂದೂ ಹಾಗೆ ಹೇಳಿರದ ಫಿರ್ಮಿನ್.

ಭಾನುವಾರ ಕಾರಿನ ಕೀಲಿ ಗೊದೆಲೀವಳ ಕೈ ಸೇರಿತು. ಅವಳು ಉತ್ಸಾಹದಿಂದ ಹಾರ್ನ್ ಬಾರಿಸುತ್ತಾ ಸಂಘದವರನ್ನೆಲ್ಲ ಹಿಂದಿನಿಂದ ಅಟ್ಟಿಕೊಂಡು ಬಂದಳು. ಅದೇ ಏರು ಶುರುವಾದಾಗ ಫಿರ್ಮಿನ್ ಆ ನೋವಿಗಾಗಿ ಕಾದ. ಅದು ಬರಲಿಲ್ಲ. ಕಲ್ಲಿನ ಮೇಲೆ ಹಲ್ಲೆಲ್ಲ ಕಟಕಟ ಅನ್ನುತ್ತಿದ್ದರೂ ಕಾಲು ಮಾತ್ರ ಬೆಣ್ಣೆಯಲ್ಲಿ ಆಡಿದಂತೆ ಆಡಿತು. ಎಲ್ಲೂ ಇಳಿಯದೆ ತುದಿ ತಲುಪಿದ ಸಂತೋಷಕ್ಕೆ ಅವನಿಗೆ ಅಳುವೇ ಬಂದಿತ್ತು. ಸ್ವಲ್ಪ ಹೊತ್ತಿಗೆ ಆಶೀಲ್ ಏದುಸಿರು ಬಿಡುತ್ತಾ ಬಂದು ಬೇಲಿಗೆ ಒರಗಿದ.

"ಏನಯ್ಯಾ, ಇವತ್ತು ಹುಡುಗನ ಥರ ಹತ್ತಿಬಿಟ್ಟೆ?"

"ಎಲ್ಲಾ ಶೂದೇ ತಪ್ಪು ಕಣಯ್ಯ, ವಯಸ್ಸೂ ಇಲ್ಲ ಗಿಯಸ್ಸೂ ಇಲ್ಲ. ಹನ್ನೆ ಕಂಡುಹಿಡಿದ್ಲು. ಅಟ್ಟೆ ತೆಳುವಾಗಿ ಸೀಟು ಎತ್ತರವಾಗಿತ್ತಂತೆ."

ಆಶೀಲ್ ಬಾಟಲಿ ಎತ್ತಿ ನಿಧಾನವಾಗಿ ನೀರು ಕುಡಿದ. ಆಚೀಚೆ ನೋಡಿ ದನಿ ತಗ್ಗಿಸಿದ.

"ಈಸ್ಟರಿಗೆ ಮುಂಚೆ ನಾನೂ ಅವಳ ಹತ್ರ ಹೋಗಿದ್ದೆ ಮಾರಾಯ. ಹಿಂಬಾಗಿಲಿಂದ. ಯಾರಿಗೂ ಹೇಳ್ಬೇಡ. ನನಗೂ ಹಂಗೇ ಅಂದ್ಲು, ವಯಸ್ಸಲ್ಲ, ತಪ್ಪೆಲ್ಲ ಶೂದು ಅಂತ."

ಫಿರ್ಮಿನ್‌ನ ಕಣ್ಣು ತಾನಾಗಿ ಆಶೀಲ್‌ನ ಪಾದಗಳತ್ತ ಇಳಿಯಿತು. ಹರೆಯದ ಅದೇ ಚರ್ಮದ ಶೂಗಳು, ಅದೇ ದಪ್ಪ ಅಟ್ಟೆ, ಹೊಸ ಲಾಡಿ.

ಕೆಳಗಿನ ರಸ್ತೆಯಲ್ಲಿ ಗೊದೆಲೀವಳ ಹಾರ್ನ್ ಹತ್ತಿರವಾಗುತ್ತಿತ್ತು.

"ಈ ಶೂಗಳನ್ನ ನಂಬೋಕಾಗಲ್ಲ ಬಿಡು" ಅಂದ ಫಿರ್ಮಿನ್.