ಶುಭದ ಪದ್ಯ

ಬೆಳಗಿನ ಆಟ ಮುಗಿದಿತ್ತು. ಚಿತ್ರಮಂದಿರದ ಬಾಗಿಲಲ್ಲಿ ಯೂಟ್ಯೂಬಿನವನೊಬ್ಬ ಮೈಕ್ ಹಿಡಿದು ನಿಂತಿದ್ದ.

“ಮೂರನೇ ಭಾಗ ಹೇಗಿತ್ತು?”

“ಇಷ್ಟು ವರ್ಷ ಕಾಯ್ಸಿ, ಕೊನೆಗೆ ಕ್ಯಾಪ್ಟನ್‌ನ ಯಾವ್ದೋ ಗ್ರಹದಲ್ಲಿ ಸಾಯ್ಸಿಬಿಟ್ರಲ್ಲ ಗುರೂ!”

“ಗ್ರಾಫಿಕ್ಸ್ ಸೂಪರ್, ಕಥೆ ಗೋವಿಂದ!”

ಮೈಕ್ ಅಪ್ಪನ ಕಡೆಗೂ ತಿರುಗಿತು.

ಮೊದಲೆರಡು ಭಾಗಗಳನ್ನು ಅಪ್ಪ, ಮಗಳು ಜೊತೆಯಾಗಿ ನೋಡಿದ್ದರು. ಈಗ ಅವಳು ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. “ನೀನು ನೋಡ್ಕೊಂಡು ಬಂದು ಕಥೆ ಹೇಳು” ಎಂದು ಅವಳೇ ಕಳಿಸಿದ್ದಳು.

ಅಪ್ಪ ಗಮಕಿಗಳ ಕಾವ್ಯವಾಚನ ಕೇಳಿ ಬೆಳೆದವರು. ಸಾವಿನ ಪ್ರಸಂಗಕ್ಕೆ ಓದು ನಿಲ್ಲಿಸಬಾರದು, ಶುಭದ ನಾಲ್ಕು ಪದ್ಯ ಓದಿಯೇ ಪುಸ್ತಕ ಮುಚ್ಚಬೇಕು ಎಂಬುದು ಅವರ ಮನೆಯ ಪದ್ಧತಿ. ಮಗಳಿಗೂ ಅದು ಗೊತ್ತಿತ್ತು.

ಸಂಜೆ ಅವಳ ಹಾಸಿಗೆಯ ಪಕ್ಕ ಕೂತು ಅಪ್ಪ ಕಥೆ ಮುಗಿಸಿದರು: “ಕ್ಯಾಪ್ಟನ್ ಭೂಮಿಗೆ ವಾಪಸ್ ಬಂದ ಕಂದಾ. ಅವರಮ್ಮ ಆರತಿ ಎತ್ತಿದ್ರು.”

“ಹೆಲ್ಮೆಟ್ ಹಾಕ್ಕೊಂಡೇ ಇದ್ನಾ?”

“ಇಲ್ಲಮ್ಮ, ಹೆಲ್ಮೆಟ್ ತೆಗೆಸಿ ಕುಂಕುಮ ಇಟ್ರು.”

ಮಗಳು ನಕ್ಕಳು. ಆಮೇಲೆ ದಿಂಬಿನಡಿಯಿಂದ ಫೋನ್ ತೆಗೆದು ತೋರಿಸಿದಳು. ಪರದೆಯ ಮೇಲೆ ಅದೇ ಬಾಗಿಲು, ಅದೇ ಮೈಕು. ಅದರ ಮುಂದೆ ಅಪ್ಪ ಬಿಕ್ಕುತ್ತಿದ್ದರು: “ಅವನು ಬದುಕ್ಬೇಕಿತ್ತು. ನನ್ನ ಮಗಳಿಗೆ ಏನಂತ ಹೇಳ್ಲಿ?”

ಅಪ್ಪ ಮುಖ ತಿರುಗಿಸಿದರು. ಅವಳು ಅವರ ಕೈ ಹಿಡಿದುಕೊಂಡಳು.

“ಎಲ್ಲ ಸರಿಹೋಗುತ್ತೆ ಅಂದ್ರು ಡಾಕ್ಟರ್ ಅಂತ ನಿನ್ನೆ ಹೇಳಿದ್ಯಲ್ಲಪ್ಪ, ಅದನ್ನ ಇನ್ನೊಂದ್ಸಲ ಹೇಳು. ಶುಭದ ಪದ್ಯ ಬಿಟ್ಟು.”