ಒಂದಕ್ಷರ ಕಮ್ಮಿ

"ಹೇಗಿದೆಯಮ್ಮ?" ಎಂದರು ಮಾವ, ಏಣಿಯಿಂದ ಇಳಿಯುತ್ತ.

ಹಿಂದೆ ಮನೆ, ಮುಂದೆ ಮಾಸಿದ ಬಟ್ಟೆಗೆ ಬಣ್ಣ ಹಾಕಿಕೊಡುವ ಅಂಗಡಿ. ಇಂಗ್ಲಿಷ್ ಟೀಚರ್ ಸೊಸೆಯಾಗಿ ಬಂದ ಹುರುಪಿನಲ್ಲಿ ಮಾವ ತಾವೇ ಇಂಗ್ಲಿಷಿನಲ್ಲಿ ಬೋರ್ಡು ಬರೆದು ಮೊಳೆ ಹೊಡೆದು ಕೂರಿಸಿದ್ದರು: 'ಡೈಯಿಂಗ್. ಒಂದೇ ದಿನದಲ್ಲಿ. ಗ್ಯಾರಂಟಿ.'

ಸೊಸೆಗೆ ನಗು ಗಂಟಲವರೆಗೆ ಬಂತು. ಬಾಯಲ್ಲಿ ಹೇಳಿದರೆ ಎರಡು ಪದವೂ ಒಂದೇ. ಬರೆಯುವಾಗ ನಡುವೆ 'ಈ' ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಬಣ್ಣ ಹಾಕುವುದು, ಇಲ್ಲದಿದ್ದರೆ ಸಾಯುವುದು. ಮಾವ ಅದನ್ನು ಬಿಟ್ಟಿದ್ದರು. ಆದರೆ ಮಾತಾಡಿದರೆ ಮುತ್ತು ಉದುರೀತು ಎಂಬಂತಿದ್ದ ಆ ಮನುಷ್ಯ ತಾವಾಗಿ ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ತಪ್ಪಿದೆ ಎನ್ನಲು ನಾಲಿಗೆ ಏಳಲಿಲ್ಲ.

"ಚೆನ್ನಾಗಿದೆ ಮಾವ" ಅಂದುಬಿಟ್ಟಳು.

ಹೋಗಿಬರುವವರು ನಿಂತು ಓದತೊಡಗಿದರು. ಕೆಲವರು ಫೋಟೊ ತೆಗೆದರು. "ನೋಡಿದ್ಯಾ, ಇಂಗ್ಲಿಷ್ ಅಂದ್ರೆ ಜನ ಹೇಗೆ ನಿಲ್ತಾರೆ" ಎಂದು ಮಾವ ಹೆಂಡತಿಯ ಮುಂದೆ ಮೀಸೆ ತಿರುವಿದರು. ಸೊಸೆ ಬೋರ್ಡಿನತ್ತ ನೋಡದೆ ಶಾಲೆಗೆ ಹೊರಟಳು.

ಕೊನೆಗೆ ಎದುರಿನ ಔಷಧಿ ಅಂಗಡಿಯವನು ರಸ್ತೆ ದಾಟಿ ಬಂದ. "ಒಂದೇ ದಿನದಲ್ಲಿ ಸಾವು, ಅದೂ ಗ್ಯಾರಂಟಿ ಅಂತ ಬರೆದಿದ್ದೀರಲ್ಲ ಯಜಮಾನ್ರೇ. ನಿಮ್ಮ ಎದುರಿಗೇ ಕೂತು ನಾನು ಮಾತ್ರೆ ಮಾರೋದು ಹೇಗೆ?"

ಅವನು ಅರ್ಥ ಬಿಡಿಸಿ ಹೇಳಿ ಹೋದ ಮೇಲೆ ಮಾವ ಬಣ್ಣದ ಹಂಡೆಯ ಮುಂದೆ ಕೂತರು. ಸೊಸೆ ಬಂದು ಬಾಗಿಲಿಗೆ ಒರಗಿ ನಿಂತಳು.

"ನಿಂಗೆ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು ಮಾವ. ನಿಮಗೆ ಬೇಜಾರಾಗುತ್ತೆ ಅಂತ..."

"ಬೀದಿಯವರು ನಕ್ಕಿದ್ದಕ್ಕೆ ಬೇಜಾರಿಲ್ಲಮ್ಮ. ಮನೆಮಗಳೇ ಹೊರಗಿನವರ ಥರ ಚೆನ್ನಾಗಿದೆ ಅಂದ್ಯಲ್ಲ, ಅದಕ್ಕೆ. ಇನ್ಮೇಲೆ ತಪ್ಪು ಕಂಡ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕು."

ಸೊಸೆ ತಲೆ ತಗ್ಗಿಸಿದಳು. ಆಮೇಲೆ ಅಂಜುತ್ತಲೇ ತಲೆ ಎತ್ತಿದಳು.

"ಹಾಗಾದ್ರೆ ಒಂದು ಮಾತು ಮಾವ. ಬೆಳಿಗ್ಗೆಯಿಂದ ನೀವು ಅಂಗಿ ತಿರುಗಾಮುರುಗಾ ಹಾಕ್ಕೊಂಡಿದ್ದೀರಿ."

ಮಾವ ತಮ್ಮ ಎದೆಯತ್ತ ಬಗ್ಗಿ ನೋಡಿಕೊಳ್ಳುತ್ತಿದ್ದ ಹಾಗೆ, ಒಳಮನೆಯಿಂದ ಅತ್ತೆಯ ದನಿ ಬಂತು:

"ನಾನು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ ಕಣೆ. ನೀನು ಬಂದಿದ್ದಕ್ಕೆ ಬದುಕ್ಕೊಂಡೆ."